ಡ್ರಾಕುಲನ ಅಹವಾಲು

ಐರಿಷ್ ಲೇಖಕ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲ' ಕಾದಂಬರಿಯನ್ನು ಓದದವರೂ ಅದರ ನಾಯಕನನ್ನು, ಸರಿಯಾಗಿ ಹೇಳಬೇಕೆಂದರೆ ಖಳನನ್ನು, ಬಲ್ಲರು. ಟ್ರಾನ್ಸಿಲ್ವೇನಿಯದ ದುರ್ಗದಲ್ಲಿ ಶತಮಾನಗಳಿಂದ ಸಾಯದೆ ಉಳಿದು, ಜೀವಂತರ ರಕ್ತ ಹೀರಿ ಬಾಳುವ ಈ ಪ್ರಭುವನ್ನು ಚಲನಚಿತ್ರಗಳು ಮನೆಮಾತಾಗಿಸಿವೆ. ಆದರೆ ಮೂಲಕೃತಿಯ ರಚನೆಯಲ್ಲಿರುವ ಒಂದು ವೈಚಿತ್ರ್ಯ ಚಿತ್ರ ನೋಡಿದವರ ಗಮನಕ್ಕೆ ಬರುವಂಥದಲ್ಲ. ಇಡೀ ಕಾದಂಬರಿ ದಿನಚರಿ, ಪತ್ರ, ತಂತಿಸಂದೇಶ, ವೃತ್ತಪತ್ರಿಕೆಯ ತುಣುಕುಗಳಿಂದ ಹೆಣೆದದ್ದು. ಡಾಕ್ಟರ್ ಸೀವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಮುದ್ರಿಸಿಡುತ್ತಾನೆ. ಮೀನಾ ಹಾರ್ಕರ್ ಎಲ್ಲವನ್ನೂ ಬೆರಳಚ್ಚು ಮಾಡಿ ಜೋಡಿಸುತ್ತಾಳೆ. ಬೇಟೆಗೆ ಹೊರಟವರಿಗೆಲ್ಲ ಲೇಖನಿಯಿದೆ. ಬೇಟೆಯಾದವನಿಗೆ, ಅಲ್ಲೊಂದು ಇಲ್ಲೊಂದು ಪತ್ರದ ಹೊರತು, ಮಾತೇ ಇಲ್ಲ.

ಅಮೆರಿಕದ ಫ್ರೆಡ್ ಸೇಬರ್‌ಹೇಗನ್ (1930–2007) 1975ರಲ್ಲಿ ಹೊರತಂದ 'ದ ಡ್ರಾಕುಲ ಟೇಪ್' ಈ ಮೌನದೊಳಗಿಂದಲೇ ಹುಟ್ಟಿದ ಕೃತಿ. ಹಿಮಪಾತದಲ್ಲಿ ಸಿಕ್ಕಿಬಿದ್ದ ಕಾರಿನಲ್ಲಿ, ಹಾರ್ಕರ್ ವಂಶದ ದಂಪತಿಗಳ ಎದುರು, ಡ್ರಾಕುಲ ಟೇಪ್‌ರೆಕಾರ್ಡರಿಗೆ ತನ್ನ ಅಹವಾಲು ಒಪ್ಪಿಸುತ್ತಾನೆ. ಸೀವರ್ಡನ ಫೋನೋಗ್ರಾಫಿಗೆ ಎಂಟು ದಶಕಗಳ ನಂತರ ಬಂದ ಉತ್ತರವಿದು. ಇಂಥ ಕೃತಿಗಳನ್ನು ಅಣಕವೆಂದು ಕರೆದು ಬದಿಗಿಡುವುದು ವಿಮರ್ಶೆಯ ರೂಢಿ. ಆ ರೂಢಿ ಇಲ್ಲಿ ಸಲ್ಲದು. ಈ ಕಾದಂಬರಿಯ ನಗೆ ಮೂಲವನ್ನು ತಿರುಚಿದ್ದರಿಂದ ಹುಟ್ಟಿದ್ದಲ್ಲ. ಮೂಲವನ್ನು ಅಕ್ಷರ ಬಿಡದೆ ಓದಿದ್ದರಿಂದ ಹುಟ್ಟಿದ್ದು.

ಲೂಸಿಯ ಮರಣದ ಪ್ರಸಂಗವನ್ನೇ ನೋಡಬಹುದು. ಸ್ಟೋಕರನಲ್ಲಿ ಆಕೆಯ ರಕ್ತವನ್ನು ಡ್ರಾಕುಲ ಹೀರುತ್ತಾನೆ. ಆಕೆಯನ್ನು ಉಳಿಸಲು ವೈದ್ಯ ವಾನ್ ಹೆಲ್ಸಿಂಗ್ ನಾಲ್ವರು ಗಂಡಸರ ರಕ್ತವನ್ನು ಒಬ್ಬರಾದ ಮೇಲೊಬ್ಬರಂತೆ ಆಕೆಯ ನಾಳಕ್ಕೆ ಹರಿಸುತ್ತಾನೆ. ದಾನಿಗಳ ತ್ಯಾಗವನ್ನು ಕಾದಂಬರಿ ಭಾವಪೂರ್ಣವಾಗಿ ವರ್ಣಿಸುತ್ತದೆ. ಆದರೆ ರಕ್ತದಲ್ಲಿ ಗುಂಪುಗಳಿವೆಯೆಂಬ ಸಂಗತಿಯನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಜಗತ್ತಿಗೆ ತಿಳಿಸಿದ್ದು 1901ರಲ್ಲಿ. ಹೊಂದದ ರಕ್ತ ಸೇರಿದರೆ ರೋಗಿ ಸಾಯಬಹುದೆಂಬುದು ಸ್ಟೋಕರನಿಗೂ ತಿಳಿದಿರಲಿಲ್ಲ, ಅವನ ಪಂಡಿತನಿಗೂ ತಿಳಿದಿರಲಿಲ್ಲ. ಸೇಬರ್‌ಹೇಗನ್ನನ ಡ್ರಾಕುಲ ಹಿಡಿಯುವುದು ಇದೇ ಎಳೆಯನ್ನು. ಲೂಸಿಯನ್ನು ಕೊಂದದ್ದು ತನ್ನ ಹಲ್ಲಲ್ಲ, ವೈದ್ಯನ ಸೂಜಿ. ಸಾಯುತ್ತಿದ್ದವಳನ್ನು ತನ್ನಂತೆ ಮಾಡಿ ಉಳಿಸಲು ಹೆಣಗಿದವನು ತಾನು ಎಂದು ಆತ ವಾದಿಸುತ್ತಾನೆ. ರಕ್ತಪಿಶಾಚಿಯೊಂದು ವೈದ್ಯರಿಗೆ ರಕ್ತಶಾಸ್ತ್ರದ ಪಾಠ ಹೇಳುವ ಈ ಸನ್ನಿವೇಶ ನಗೆ ತರಿಸುತ್ತದೆ. ನಕ್ಕ ಮೇಲೆ ಮೂಲಕೃತಿಯನ್ನು ಮತ್ತೆ ತೆರೆದವರಿಗೆ ಆ ಪುಟಗಳು ಮೊದಲಿನಂತೆ ಕಾಣಲಾರವು.

ಡ್ರಾಕುಲನ ಅಂತ್ಯವೂ ಹೀಗೆಯೇ. ಪಿಶಾಚಿಯ ಎದೆಗೆ ಗೂಟ ಹೊಡೆದು ತಲೆ ಕಡಿಯಬೇಕೆಂಬ ವಿಧಿಯನ್ನು ಲೂಸಿಯ ವಿಷಯದಲ್ಲಿ ಚಾಚೂ ತಪ್ಪದೆ ಪಾಲಿಸಿದ ಗುಂಪು, ಮುಖ್ಯ ಶತ್ರುವಿನ ಸರದಿ ಬಂದಾಗ ಎರಡು ಚಾಕುಗಳಿಗೆ ತೃಪ್ತಿಪಟ್ಟುಕೊಳ್ಳುತ್ತದೆ. ಅವುಗಳಲ್ಲೊಂದು ಗೂರ್ಖರ ಕುಕ್ರಿ! ದೇಹ ಧೂಳಾಯಿತೆಂಬ ಸಾಕ್ಷ್ಯ ಮೀನಾಳದು. ಮಂಜಾಗಿ ಕರಗಬಲ್ಲವನೆಂದು ಅದೇ ಪುಸ್ತಕ ಹೇಳಿದವನು ಸೂರ್ಯಾಸ್ತದ ಕ್ಷಣದಲ್ಲಿ ನಿಜವಾಗಿ ಸತ್ತನೇ? ಸಾಲದೆಂಬಂತೆ, ಕೊನೆಯ ಟಿಪ್ಪಣಿಯಲ್ಲಿ ಜೊನಾಥನ್ ಹಾರ್ಕರನೇ ತಮ್ಮ ಬಳಿ ಅಧಿಕೃತ ಮೂಲದಾಖಲೆ ಇಲ್ಲವೆನ್ನುವಷ್ಟು ವಿರಳ, ಇರುವುದು ಬೆರಳಚ್ಚಿನ ರಾಶಿ ಮಾತ್ರ ಎಂದು ಒಪ್ಪಿಕೊಳ್ಳುತ್ತಾನೆ. ಗ್ರಂಥಸಂಪಾದನೆಯ ಅಭ್ಯಾಸವಿರುವ ಯಾರೂ ಇಂಥ ಪ್ರತಿಯನ್ನು ಕಣ್ಣುಮುಚ್ಚಿ ನಂಬಲಾರರು.

ಇಷ್ಟಾದರೂ ಕೃತಿಯ ಮಿತಿಯನ್ನು ಹೇಳಲೇಬೇಕು. ಖಳನಿಗೆ ಮಾತಿನ ಅವಕಾಶ ಕೊಡುವುದು ಬೇರೆ, ಅವನನ್ನು ನಿರಪರಾಧಿಯೆಂದು ಘೋಷಿಸುವುದು ಬೇರೆ. ಕನ್ನಡ ಕಾವ್ಯಪರಂಪರೆಗೆ ಈ ಭೇದ ಸಾವಿರ ವರ್ಷಗಳಿಂದ ತಿಳಿದಿದೆ. ರನ್ನನ 'ಗದಾಯುದ್ಧ'ದ ನಾಯಕ ಭೀಮ. ಆದರೆ ಕರ್ಣ, ದುಶ್ಶಾಸನರ ಶವಗಳ ನಡುವೆ ಮರುಗುವ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವ ದುರ್ಯೋಧನನೇ ಓದುಗರ ಮನಸ್ಸಿನಲ್ಲಿ ನಿಲ್ಲುತ್ತಾನೆ. ಹಾಗೆಂದು ರನ್ನ ದ್ರೌಪದಿಯ ಅವಮಾನವನ್ನು ಅಳಿಸಿಹಾಕಲಿಲ್ಲ. ನಾಗಚಂದ್ರನ ರಾವಣನೂ ತಪ್ಪು ಮಾಡಿಯೇ ದೊಡ್ಡವನಾಗುತ್ತಾನೆ. ಸೇಬರ್‌ಹೇಗನ್ನನ ಡ್ರಾಕುಲನಿಗಾದರೋ ಪ್ರತಿ ಆರೋಪಕ್ಕೂ ಒಂದು ಸಮಜಾಯಿಷಿ ಸಿದ್ಧವಾಗಿರುತ್ತದೆ. ಸ್ಟೋಕರನಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ದುರ್ಗದ ಬಾಗಿಲಲ್ಲಿ ಎದೆ ಬಡಿದುಕೊಂಡು ಅಳುತ್ತಾಳೆ, ತೋಳಗಳ ಪಾಲಾಗುತ್ತಾಳೆ. ಆ ಅಳಲಿನ ಎದುರು ಯಾವ ವಕೀಲಿಯೂ ಹಗುರವಾಗಿಯೇ ತೋರುತ್ತದೆ. ಭಯವೆಲ್ಲ ಕರಗಿ, ಕೊನೆಗೆ ಉಳಿಯುವವನು ನಯಗಾರ ಸಭ್ಯನೊಬ್ಬ ಮಾತ್ರ.

ಅವನಲ್ಲಿ ನಿಜವಾದ ಮನುಷ್ಯತ್ವವನ್ನು ಕಾಣಬೇಕಾದರೆ ಸ್ಟೋಕರನ ಎರಡನೆಯ ಅಧ್ಯಾಯಕ್ಕೇ ಮರಳಬೇಕು. ಅಲ್ಲಿ ಡ್ರಾಕುಲ ಹಾರ್ಕರನಿಗೆ ತನ್ನ ಗ್ರಂಥಭಂಡಾರವನ್ನು ತೋರಿಸುತ್ತಾನೆ. ಇಂಗ್ಲಿಷ್ ಇತಿಹಾಸ, ಭೂಗೋಳ, ಕಾನೂನು ಪುಸ್ತಕಗಳ ಜೊತೆಗೆ ಲಂಡನ್ನಿನ ವಿಳಾಸಪಟ್ಟಿಯೂ ಅಲ್ಲಿದೆ. ತಾಯ್ನೆಲದಲ್ಲಿ ತಾನು ಪ್ರಭು, ಎಲ್ಲರೂ ಬಲ್ಲರು. ಪರಸ್ಥಳದಲ್ಲಿ ಬಾಯಿ ತೆರೆದೊಡನೆ ಪರಕೀಯನೆಂದು ಜನ ಗುರುತಿಸುತ್ತಾರೆ, ಆದ್ದರಿಂದ ಉಚ್ಚಾರದ ದೋಷ ತೋರಿದಾಗಲೆಲ್ಲ ತಿದ್ದಬೇಕು ಎಂದು ಆತ ಬೇಡಿಕೊಳ್ಳುತ್ತಾನೆ. ಮುಂಬಯಿಯಲ್ಲೋ ದೆಹಲಿಯಲ್ಲೋ ಬೇರೆಯವರ ನುಡಿಯಲ್ಲಿ ಬಾಳು ಕಟ್ಟಿಕೊಂಡ ಕನ್ನಡಿಗರಿಗೆ ಈ ಪುಟವನ್ನು ಬರಿಯ ಪಿಶಾಚಕಥೆಯೆಂದು ಓದಿ ದಾಟುವುದು ಕಷ್ಟವಾದೀತು. ಸೇಬರ್‌ಹೇಗನ್ನನ ಟೇಪಿನಲ್ಲಿ ಆ ಅಳುಕು ಇಲ್ಲ. ಯಾವ ಭಾಷೆಯನ್ನು ತಿದ್ದಿಕೊಡೆಂದು ಹಾರ್ಕರನನ್ನು ಕೇಳಿದ್ದನೋ ಅದೇ ಭಾಷೆಯಲ್ಲಿ, ಸುಲಲಿತವಾಗಿ, ಅವನು ಹಾರ್ಕರನ ವಂಶಜರೆದುರು ಪೂರ್ವಿಕರ ದಿನಚರಿಯನ್ನು ಪಾಟೀಸವಾಲಿಗೆ ಒಡ್ಡುತ್ತಾನೆ.