ಪೆಟ್ಟಿಗೆಯಲ್ಲಿ ಬರುವ ಮನೆಪಾಠ

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಹೊರಟ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಪಠ್ಯಕ್ರಮ ಕೊಳ್ಳೋಣ? ನನ್ನ ತಕರಾರು ಆ ‘ಕೊಳ್ಳೋಣ’ ಎಂಬ ಮಾತಿನ ಮೇಲೆ. ಗಿಳಿಪಾಠ ಬೇಡ, ಅಂಕಗಳ ಹಪಾಹಪಿ ಬೇಡ ಎಂದು ಶಾಲೆಯಿಂದ ಹೊರಬಂದವರು ಅಮೆರಿಕದ ಯಾವುದೋ ಮನೆಗೆಂದು ಹೊಲಿದ ಅಂಗಿಯನ್ನು ತರಿಸಿ ತಮ್ಮ ಮಗುವಿಗೆ ತೊಡಿಸುತ್ತಾರೆ. ಪೆಟ್ಟಿಗೆ ಬಿಚ್ಚಿದರೆ ದಿನದಿನದ ವೇಳಾಪಟ್ಟಿ, ರಾಶಿ ವರ್ಕ್‌ಶೀಟು, ಹಿಮ ಬೀಳುವ ಡಿಸೆಂಬರು. ಶಾಲೆ ಬಿಟ್ಟಂತೆ ಮಾಡಿ, ಹೆಚ್ಚು ದುಡ್ಡು ಕೊಟ್ಟು, ಇನ್ನೊಂದು ಶಾಲೆಯನ್ನು ಮನೆಯೊಳಗೇ ತಂದು ಕೂರಿಸಿಕೊಂಡ ಹಾಗಾಯಿತು.

ಪಠ್ಯಕ್ರಮ ಮನೆಯಲ್ಲಿ ಇಲ್ಲದ್ದನ್ನು ತಂದುಕೊಡಬೇಕು, ಇರುವುದನ್ನು ಹೊರಹಾಕಬಾರದು. ಹಾಗಾಗಿ ಆಯ್ಕೆಗೆ ಮೊದಲು ಮನೆಯಲ್ಲಿ, ಊರಿನಲ್ಲಿ ಏನೇನಿದೆ ಎಂಬ ಲೆಕ್ಕ ಆಗಬೇಕು.

ಅಂಕೋಲಾ ಪಕ್ಕದ ಬಾಳೆಗುಳಿಯನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರುವ ಹೆದ್ದಾರಿ ಕರಾವಳಿಯ ಹೆದ್ದಾರಿ 66ನ್ನು ಕೂಡುವುದು ಅಲ್ಲೇ. ಯಾವ ಲಾರಿ ಏನು ಹೊತ್ತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ಹೋದರೆ ಅಲ್ಲಿನ ಮಗುವಿಗೆ ಅರ್ಧ ಭೂಗೋಳ, ಅರ್ಧ ಅರ್ಥಶಾಸ್ತ್ರ ಸಿಕ್ಕಂತೆ. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕರಿ ಈಶಾಡು ಮಾವು ಅದೇ ತಾಲ್ಲೂಕಿನದು. 2024ರ ಜುಲೈ 16ರಂದು ಅದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಗಂಗಾವಳಿಯಲ್ಲಿ ಮುಳುಗಿದ ಲಾರಿಯನ್ನು ಮೇಲೆತ್ತಲು ಎರಡು ತಿಂಗಳು ಮೀರಿ ಹಿಡಿಯಿತು. ರಸ್ತೆಗಾಗಿ ಗುಡ್ಡದ ಬುಡ ಕಡಿದರೆ ಇಳಿಜಾರು ಏನಾಗುತ್ತದೆ? ಮಳೆನೀರು ಕುಡಿದ ಮಣ್ಣು ತೂಕ ಹೆಚ್ಚಿಸಿಕೊಂಡು ಹಿಡಿತ ಕಳೆದುಕೊಳ್ಳುವುದು ಹೇಗೆ? ಅಂಕೋಲೆಯ ಮಗುವಿನ ಬಾಯಲ್ಲಿ ಈ ಪ್ರಶ್ನೆ ಬರಲು ಬಿಡದ ವಿಜ್ಞಾನದ ಪುಸ್ತಕ ಎಷ್ಟೇ ಬಣ್ಣದ್ದಾಗಿದ್ದರೂ ಆ ಮನೆಗೆ ಹೊಂದುವುದಿಲ್ಲ.

ಮನೆಪಾಠ ಕನ್ನಡಕ್ಕೆ ಹೊಸತೇನಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಮಕ್ಕಳಿಗೆ ಆರಂಭದ ವರ್ಷಗಳಲ್ಲಿ ಮನೆಯಲ್ಲೇ ಕಲಿಸಿದರು. ಮಗ ಉಲ್ಲಾಸ ಕಾರಂತರು ಮುಂದೆ ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಗಳ ಅಧ್ಯಯನದಿಂದ ಜಗತ್ತಿಗೆ ಗೊತ್ತಾದರು. ಇಂಥ ಕತೆಯನ್ನು ಮನೆಪಾಠದ ಪರ ಮಾತಾಡುವವರು ಖುಷಿಯಿಂದ ಹೇಳಬಹುದು. ಆದರೆ ಆ ಮನೆಯ ತಂದೆ ಮಕ್ಕಳಿಗಾಗಿ ಕನ್ನಡದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೇ ರಚಿಸಿದವರು ಎಂಬುದನ್ನೂ ಜೊತೆಗೆ ಹೇಳಬೇಕು. ಅಂಥ ತಂದೆ ಎಲ್ಲ ಮನೆಯಲ್ಲೂ ಇರುವುದಿಲ್ಲ. ಶಾಲೆ ಬಿಡಿಸುವುದು ಕಾರಂತರಿಂದ ಕಲಿಯಬೇಕಾದ ಪಾಠವೂ ಅಲ್ಲ. ಮಗು ಮಾತಾಡುವ ಭಾಷೆಯಲ್ಲಿ ಇಡೀ ಜಗತ್ತನ್ನು ಅದರ ಮುಂದೆ ಇಡಬಹುದು ಎಂಬುದೇ ಆ ಪಾಠ.

ಅದಕ್ಕೆ ಈಗ ಖರ್ಚೂ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಣಿತಕ್ಕೂ ಭಾಷೆಗೂ ಅವನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಮೈಮಾಂಸವನ್ನು ಊರಿನಿಂದ ತುಂಬಿಕೊಳ್ಳಬಹುದು. ಪರೀಕ್ಷೆಯ ಚಿಂತೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. 3, 5, 8ನೇ ತರಗತಿಗೆ ಸಮನಾದ ಹಂತಗಳೂ ಆಮೇಲೆ ಹತ್ತನೆಯದೂ ಅದರಲ್ಲಿವೆ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಹಕ್ಕೆಂದು ಸಾರಿದ 2009ರ ಕಾಯ್ದೆ ಮನೆಪಾಠದ ಹೆಸರನ್ನೇ ಎತ್ತುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಮುಂದೆ ಶಾಲೆಗೆ ಮರಳುವ ದಾರಿಯನ್ನು ಮಗುವಿಗೆ ಮುಚ್ಚಬೇಡಿ.

ಇಲ್ಲಿ ಒಂದು ಜಾಣವಾದ ಕೇಳಿಬರುತ್ತದೆ. ಅಂಕೋಲಾ ತಾಲ್ಲೂಕಿನ ತುಳಸಿ ಗೌಡರು ಗಿಡಮರಗಳ ಗುಟ್ಟನ್ನು ಶಾಲೆಯಲ್ಲಿ ಕಲಿತರೇ, ಸುಕ್ರಿ ಬೊಮ್ಮಗೌಡರು ಅಷ್ಟೊಂದು ಹಾಡನ್ನು ಶಾಲೆಯಲ್ಲಿ ಕಲಿತರೇ ಎಂದು ಕೇಳುತ್ತಾರೆ. ಇಬ್ಬರಿಗೂ ಪದ್ಮಶ್ರೀ ಬಂತು, ನಿಜ. ಆದರೆ ಅವರು ಶಾಲೆಯನ್ನು ಬೇಡವೆಂದವರಲ್ಲ. ಅವರ ಪಾಲಿಗೆ ಶಾಲೆ ಬರಲೇ ಇಲ್ಲ. ಬಡತನದ ಕೊರತೆಯನ್ನು ಉಳ್ಳವರು ತಮ್ಮ ಆಯ್ಕೆಗೆ ಸಾಕ್ಷಿ ಮಾಡಿಕೊಳ್ಳುವುದು ಅನ್ಯಾಯ. ಇದೇ ತಾಲ್ಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದದ್ದು ಆ ಕೊರತೆಯನ್ನು ಕಣ್ಣಾರೆ ಕಂಡೇ. ಇಲ್ಲಿ ಶಾಲೆ ಸುಮ್ಮನೆ ಬಂದದ್ದಲ್ಲ, ದುಡಿದು ಪಡೆದದ್ದು.

ಆ ಶಾಲೆ ಕೊಟ್ಟ ಒಂದು ಸಂಗತಿ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ನಮ್ಮ ಊರುಗಳಲ್ಲಿ ಒಕ್ಕಲು, ನಾಡವ, ಹಾಲಕ್ಕಿ, ಮೀನುಗಾರ, ದಲಿತ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಜಾಗ ಬಹುಮಟ್ಟಿಗೆ ಅದೊಂದೇ. ಮನೆಯ ಅಡುಗೆಕೋಣೆಗೆ ಬಾರದವನು ಅಲ್ಲಿ ಪಕ್ಕದಲ್ಲಿ ಕೂತು ಜಗಳವಾಡುತ್ತಾನೆ, ಲೆಕ್ಕದಲ್ಲಿ ಸೋಲಿಸುತ್ತಾನೆ, ಡಬ್ಬಿಯಲ್ಲಿದ್ದುದನ್ನು ಹಂಚಿಕೊಳ್ಳುತ್ತಾನೆ. ಮನೆಯಲ್ಲೇ ಬೆಳೆದ ಮಗು ತಂದೆತಾಯಿ ಆರಿಸಿಕೊಟ್ಟ ಗೆಳೆಯರನ್ನು ಮಾತ್ರ ಕಾಣುತ್ತದೆ.

ಆದ್ದರಿಂದ ಕುಟುಂಬಕ್ಕೆ ಹೊಂದುವ ಪಠ್ಯಕ್ರಮದಲ್ಲಿ ಕುಟುಂಬಕ್ಕೆ ಹೊಂದದ ಏನಾದರೂ ಇರಲೇಬೇಕು: ಬೇರೆ ಕೇರಿಯ ಮಕ್ಕಳು, ಬೇರೆ ಅಡುಗೆ, ನಮ್ಮ ನಂಬಿಕೆಗೆ ಎದುರಾಡುವ ಪುಸ್ತಕ. ಇದನ್ನು ಮನೆಯಲ್ಲಿ ಒದಗಿಸಬಲ್ಲಿರಾದರೆ ಧೈರ್ಯವಾಗಿ ಕಲಿಸಿ. ಆಗದಿದ್ದರೆ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಕಳಿಸಿ, ಉಳಿದ ಪಾಠ ಸಂಜೆ ಮನೆಯಲ್ಲಿ ಆಗಲಿ. ಪೆಟ್ಟಿಗೆಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಆ ಶಾಲೆಗೆ ನಾಲ್ಕು ಪುಸ್ತಕ ತರಿಸಿಕೊಡಿ. ನಿಮ್ಮ ಮಗುವಿನ ಜೊತೆ ಪಕ್ಕದ ಬೆಂಚಿನ ಮಗುವೂ ಓದೀತು.