ಕಾಗದದ ಕಿರೀಟ, ನಿಜವಾದ ಕಸಬರಿಗೆ

ಬಸವ ಜಯಂತಿ ಸಮೀಪಿಸಿತೆಂದರೆ ನಮ್ಮ ಬಸವಕಲ್ಯಾಣದ ಶಾಲೆ ಕಾಲೇಜುಗಳಲ್ಲಿ ಮಕ್ಕಳಿಗೆ ಶರಣರ ವೇಷ ತೊಡಿಸುವ ಸಂಭ್ರಮ ಮೊದಲಾಗುತ್ತದೆ. ಸಂಭ್ರಮ ಬೇಡವೆನ್ನುವಷ್ಟು ಅರಸಿಕ ನಾನಲ್ಲ. ಆದರೆ ಆ ವೇಷ ಬರುವ ದಾರಿಯನ್ನು ಕುರಿತು ಎರಡು ಮಾತು ಆಡಬೇಕಾಗಿದೆ.

ಈಗ ವೇಷಗಳು ಬಾಡಿಗೆ ಅಂಗಡಿಯಿಂದ ಬರುತ್ತವೆ. ಬಿಜ್ಜಳನಿಗೂ ಬಸವಣ್ಣನಿಗೂ ಅಲ್ಲಿ ಒಂದೇ ಜರತಾರಿ, ಒಂದೇ ಪ್ಲಾಸ್ಟಿಕ್ ಮುತ್ತು. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ, ಸತ್ಯಕ್ಕನ ಪಾತ್ರಕ್ಕೆ ಆಯ್ಕೆಯಾದ ಹುಡುಗಿ ತಾಲೀಮಿನ ಮೂರನೆಯ ದಿನ ಬರುವುದನ್ನೇ ಬಿಟ್ಟಳು. ವಿಚಾರಿಸಲಾಗಿ, ವೇಷದ ಬಾಡಿಗೆಗೂ ಮುಂಗಡಕ್ಕೂ ಮನೆಯಲ್ಲಿ ಹಣವಿರಲಿಲ್ಲವೆಂದು ತಿಳಿಯಿತು. ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ಆ ಪಾತ್ರಕ್ಕೆ ಬೇಕಾದದ್ದು ಒಂದು ಕಸಬರಿಗೆ. ಅದು ಆ ಹುಡುಗಿಯ ಮನೆಯ ಮೂಲೆಯಲ್ಲಿಯೇ ಇತ್ತು! ಹಣ ಕೇಳಿ ನಾವು ಅವಳನ್ನು ಕಳೆದುಕೊಂಡೆವು. ಆ ನಾಚಿಕೆ ನನ್ನದೂ ಹೌದು. ತರಗತಿಯಲ್ಲಿ ಬಾಡಿಗೆಯ ಪಟ್ಟಿಯನ್ನು ಓದಿ ಹೇಳಿದವನು ನಾನೇ.

ಅಂದಿನಿಂದ ನನ್ನ ವಿದ್ಯಾರ್ಥಿಗಳು ವೇಷದ ಸಾಮಗ್ರಿಯನ್ನು ಮನೆಯಲ್ಲಿಯೇ ಸಿದ್ಧಪಡಿಸುತ್ತಾರೆ. ಹಳೆಯ ಪತ್ರಿಕೆಗಳನ್ನು ಹರಿದು ಎರಡು ದಿನ ನೆನೆಹಾಕಿ, ನೆನೆದ ಮೆಂತ್ಯದೊಡನೆ ಅರೆದು, ಬೋರಲಿಟ್ಟ ಪಾತ್ರೆಯ ಮೇಲೆ ಮೆತ್ತಿ ಬಿಸಿಲಿಗಿಟ್ಟರೆ ಕಿರೀಟದ ಒಡಲು ಸಿದ್ಧವಾಯಿತು. ನಮ್ಮ ಅಜ್ಜಿಯರು ಮೊರ ಬುಟ್ಟಿಗಳಿಗೆ ಬಳಿಯುತ್ತಿದ್ದುದು ಇದನ್ನೇ. ಪಾತ್ರೆಗೆ ಮೊದಲು ಎಣ್ಣೆ ಸವರುವುದನ್ನು ಮರೆಯಬಾರದು. ಮೊದಲ ವರ್ಷ ಮರೆತೆವಾಗಿ, ಬಿಜ್ಜಳನ ಕಿರೀಟದೊಡನೆ ಒಂದು ಪಾತೇಲಿಯೂ ರಂಗವೇರುವುದರಲ್ಲಿತ್ತು! ಅಂಚಿಗೆ ಮಿಠಾಯಿ ಡಬ್ಬಿಯ ರಟ್ಟು, ಹೊಳಪಿಗೆ ಚಹಾ ಪೊಟ್ಟಣದ ಬೆಳ್ಳಿ ಕಾಗದ, ರತ್ನಗಳಿಗೆ ಒಡೆದ ಬಳೆಯ ಚೂರು, ಗಡ್ಡಕ್ಕೆ ಸೆಣಬು.

ಇದು ಬಡತನದ ಉಪಾಯವೆಂದು ಮೂಗು ಮುರಿಯುವವರು ನಮ್ಮ ಬಯಲಾಟವನ್ನು ನೆನೆಯಬೇಕು. ಅಲ್ಲಿಯ ಅರಸರ ಕಿರೀಟ, ಭುಜಕೀರ್ತಿಗಳು ಹಗುರವಾದ ಮರಕ್ಕೆ ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂಡಿಸಿ ಮಾಡಿದವು. 12ನೆಯ ಶತಮಾನದ ಶರಣರಲ್ಲಿಯೇ ವೇಷ ಕಟ್ಟುವುದನ್ನು ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನಿದ್ದನಷ್ಟೆ.

'ಶರಣರನ್ನು ಹರಕು ಮುರುಕಿನಲ್ಲಿ ತೋರಿಸುವುದು ಅಗೌರವವಲ್ಲವೆ?' ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದುದನ್ನು ನೆನಪಿಸಿದರು. ವೈಭವಕ್ಕೆ ಅದರ ಸ್ಥಾನ ಉಂಟು. ಕುರುಕ್ಷೇತ್ರ ಅರಸರ ಕಥೆ. ಹುಮನಾಬಾದಿನ ವೀರಭದ್ರೇಶ್ವರನ ಮುಂದೆ ಪುರವಂತರು ಹಿಡಿಯುವ ಖಡ್ಗವೂ ರಟ್ಟಿನದಾಗುವಂತಿಲ್ಲ, ಅದು ಸೇವೆ. ಶರಣರ ಕಥೆಯಾದರೋ ಕಾಯಕದ ಕಥೆ. ಲಂಕೇಶರ 'ಸಂಕ್ರಾಂತಿ' (1971)ಯಿಂದ ಕಾರ್ನಾಡರ 'ತಲೆದಂಡ' (1990)ದವರೆಗೆ ಕಲ್ಯಾಣದ ನಾಟಕಗಳಲ್ಲಿ ಅರಮನೆಯೂ ದುಡಿಯುವ ಕೈಯೂ ಎದುರು ಬದುರು ನಿಂತಿವೆ. ಅಂಬಿಗರ ಚೌಡಯ್ಯನ ಹುಟ್ಟು, ನುಲಿಯ ಚಂದಯ್ಯನ ಹಗ್ಗ, ಆಯ್ದಕ್ಕಿ ಮಾರಯ್ಯನ ಅಕ್ಕಿಯ ಗಂಟು, ಇವು ನಿಜವಾಗಿರಲಿ. ಕಿರೀಟವೊಂದು ಸುಳ್ಳಾಗಿದ್ದರೆ ಕಥೆಗೆ ಕುಂದಿಲ್ಲ, ಅರ್ಥವೇ ಹೆಚ್ಚೀತು.

ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಮೋಳಿಗೆ ಮಾರಯ್ಯನ ನೆನಪಿನ ಊರು. ಕಾಶ್ಮೀರದ ಅರಸನೊಬ್ಬ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುತ್ತದೆ. ಕಳೆದ ವರ್ಷ ಆ ಪಾತ್ರ ವಹಿಸಿದ ಹುಡುಗ ಕಾಗದದ ಕಿರೀಟವನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಟ್ಟ. ಬಳಿಕ ಮನೆಯಿಂದ ತಂದಿದ್ದ ನಿಜವಾದ ಹೊರೆಯನ್ನು ತಲೆಗೇರಿಸಿದ. ಭಾರಕ್ಕೆ ಅವನ ಕತ್ತು ಕುಸಿಯಿತು. ಅದನ್ನು ನಾನು ಕಲಿಸಿರಲಿಲ್ಲ. ಗದ್ದಲದ ಸಭೆ ಆ ಗಳಿಗೆಯಲ್ಲಿ ಸುಮ್ಮನಾಯಿತು.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ. ಪಾತ್ರ ಹಂಚುವಾಗ ಬಾಡಿಗೆಯ ಪಟ್ಟಿ ಓದುವುದನ್ನು ಬಿಡೋಣ. 'ನಿನ್ನ ಮನೆಯಲ್ಲಿ ಏನಿದೆ, ಮಗು?' ಎಂದು ಮೊದಲು ಕೇಳೋಣ.