‘ಪರದೆಗೊಂದು ಬಣ್ಣ’ ಎಂಬ ನೆಪ



ನಮ್ಮ ಅವ್ವನ ಭಾವಚಿತ್ರವನ್ನು ಕಳೆದ ತಿಂಗಳು ನಿಮ್ಮಲ್ಲಿ ಹಲವರಿಗೆ ಕಳುಹಿಸಿದ್ದೆನಷ್ಟೆ. ಸೀರೆ ಇಟ್ಟಿಗೆಯ ಬಣ್ಣದ್ದೆಂದು ಕೆಲವರು ಬರೆದಿರಿ, ಕಂದು ಎಂದು ಕೆಲವರು. ನನ್ನ ತಂಗಿಯರಿಬ್ಬರು ಇದೇ ಕಾರಣಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅದು 1984ರಲ್ಲಿ ಆಳಂದದಲ್ಲಿ ತೆಗೆಸಿದ, ಅವ್ವನ ಏಕೈಕ ಬಣ್ಣದ ಚಿತ್ರ. ಉಟ್ಟದ್ದು ಇಳಕಲ್ ಸೀರೆ; ಟೋಪ್ ತೆನಿ ಸೆರಗಿನ ಆ ಕೆಂಪನ್ನು ನಾನು ಮರೆತವನಲ್ಲ.

ಮಾಸಿದ ಪ್ರತಿಯನ್ನು ನಗರದ ಒಂದು ಅಂಗಡಿಗೆ ಕೊಟ್ಟು ಗಣಕಕ್ಕೆ ಏರಿಸಿ ತಿದ್ದಿಸಿದೆ. ಅವರ ಪರದೆಯ ಮೇಲೆ ಸೆರಗು ಇದ್ದಂತೆಯೇ ಕಂಡಿತು. ನನ್ನ ಗಂಟಲು ಕಟ್ಟಿತು. ಮನೆಗೆ ತಂದು ನೋಡಿದರೆ ಬೂದಿ ಮುಚ್ಚಿದ ಕೆಂಡ. ವಿಚಾರಿಸಿದ್ದಕ್ಕೆ ಅಂಗಡಿಯವರ ಉತ್ತರ: “ಸರ್, ಪರದೆಗೊಂದು ಬಣ್ಣ. ಯಾರೂ ಏನೂ ಮಾಡ್ಲಿಕ್ಕೆ ಆಗೂದಿಲ್ಲ.” ಈ ಬರಹ ಆ ಮಾತಿನ ವಿರುದ್ಧ.

ನನ್ನ ಸೋದರಳಿಯನ ಗಣಕದಲ್ಲಿ ಒಂದು ಪರೀಕ್ಷೆ ಮಾಡಿದೆವು. ಅದೇ ಕಡತವನ್ನು ಫೋಟೋಶಾಪಿನಲ್ಲಿ ತೆರೆದು ಪರದೆಯ ಎಡಕ್ಕಿರಿಸಿದೆವು; ಚಿತ್ರ ನೋಡುವ ಸಾಮಾನ್ಯ ತಂತ್ರಾಂಶದಲ್ಲಿ ತೆರೆದು ಬಲಕ್ಕಿರಿಸಿದೆವು. ಎಡಕ್ಕೆ ಅವ್ವನ ಕೆಂಪು, ಬಲಕ್ಕೆ ಸಪ್ಪೆ ಕೆಂಪು. ಪರದೆ ಒಂದೇ, ಕಡತ ಒಂದೇ, ಬಣ್ಣ ಮಾತ್ರ ಎರಡು! ಪರದೆ ಪರದೆಗಳ ನಡುವಿನ ವ್ಯತ್ಯಾಸವೇ ಕಾರಣವಾಗಿದ್ದರೆ ಇದು ಹೇಗೆ ಸಾಧ್ಯ?

ಕಡತದಲ್ಲಿ ಬಣ್ಣವಿರುವುದಿಲ್ಲ, ಅಂಕಿಗಳಿರುತ್ತವೆ. ಅಂಕಿಯ ಬೆಲೆ ಯಾವ ಮಾನದಲ್ಲಿ ಎಂಬುದನ್ನು ಹೇಳುವ ಚೀಟಿಯೇ ಪ್ರೊಫೈಲ್. ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸುವುದು ಬಲು ಸುಲಭ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಆಳಂದದಲ್ಲಿ ಹಾಲಿ ಸಿಕ್ಕಾ, ಗಡಿಯಾಚೆಯ ಸೊಲ್ಲಾಪುರದಲ್ಲಿ ಕಲ್ದಾರ. 7 ಹಾಲಿ ರೂಪಾಯಿ 6 ಕಲ್ದಾರಕ್ಕೆ ಸಮ. ಯಾರಾದರೂ ‘60 ರೂಪಾಯಿ’ ಎಂದರೆ ‘ಹಾಲಿಯೋ ಕಲ್ದಾರವೋ?’ ಎಂದು ಕೇಳದ ವ್ಯಾಪಾರಿ ಇರಲಿಲ್ಲ ಎನ್ನುತ್ತಿದ್ದರು ನಮ್ಮ ತಂದೆ. 60 ಕಲ್ದಾರವನ್ನು 60 ಹಾಲಿಯೆಂದು ಎಣಿಸಿಕೊಂಡವನಿಗೆ 10 ಹಾಲಿಯ ನಷ್ಟ.

ನಮ್ಮ ಚಿತ್ರದಲ್ಲಿ ಆದದ್ದು ಇದೇ ನಷ್ಟ. ಬಣ್ಣದ ಲೋಕದ ಹಾಲಿ ಸಿಕ್ಕಾ ಎಸ್‌ಆರ್‌ಜಿಬಿ. 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು, ಜಗತ್ತಿನ ಬಹುಪಾಲು ಚಿತ್ರಗಳು ನಡೆಯುವುದು ಅದರಲ್ಲೇ. 1998ರ ಅಡೋಬಿ ಆರ್‌ಜಿಬಿ ಅದಕ್ಕಿಂತ ವಿಶಾಲ, ಅದು ಕಲ್ದಾರ. ಎಸ್‌ಆರ್‌ಜಿಬಿಯ ಕಡುಗೆಂಪು 255 ಅಡೋಬಿಯಲ್ಲಿ ಸುಮಾರು 219. ಚೀಟಿ ಇಲ್ಲದೆ ಬಂದ 219ನ್ನು ಸಾಮಾನ್ಯ ತಂತ್ರಾಂಶ ಎಸ್‌ಆರ್‌ಜಿಬಿಯ 219 ಎಂದೇ ತಿಳಿದು ಮಂಕು ಕೆಂಪನ್ನು ತೋರಿಸುತ್ತದೆ. ಫೋಟೋಶಾಪಿಗಾದರೆ ಸೋದರಳಿಯ ಮೊದಲೇ ಅಡೋಬಿಯನ್ನು ರೂಢಿಯ ಮಾನವಾಗಿ ಹೇಳಿಟ್ಟಿದ್ದ. ಆದ್ದರಿಂದ ಅಲ್ಲಿ ಲೆಕ್ಕ ಸರಿಹೋಯಿತು. ತಪ್ಪು ನೋಡುವ ತಂತ್ರಾಂಶದ್ದಲ್ಲ, ಚೀಟಿ ಹರಿದು ಕಳುಹಿಸಿದವರದು.

ಅಂಗಡಿಗೆ ಮತ್ತೆ ಹೋದಾಗ ಅವರು ಇನ್ನೊಂದು ಅನಾಹುತ ಮಾಡಿದರು. ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಎಂದರೆ ಎಸ್‌ಆರ್‌ಜಿಬಿ ಎಂಬ ಚೀಟಿಯನ್ನು ಬರಿದೇ ಅಂಟಿಸಿಕೊಟ್ಟರು. ಚೀಟಿ ಅಂಟಿಸಿದರೆ ಅಂಕಿ ಬದಲಾಗದು, ಬಣ್ಣ ಕೆಡುತ್ತದೆ. ಪರಿವರ್ತಿಸಿದರೆ ಅಂಕಿ ಬದಲಾಗಿ ಬಣ್ಣ ಉಳಿಯುತ್ತದೆ. ಕಲ್ದಾರದ ಮೇಲೆ ‘ಹಾಲಿ’ ಎಂದು ಗೀಚುವುದಕ್ಕೂ ಸರಾಫನ ಬಳಿ ವಟಾವಣೆ ಮಾಡಿಸುವುದಕ್ಕೂ ಇರುವ ಅಂತರ ಇದು. ದುಡ್ಡು ತೆಗೆದುಕೊಂಡು ಚಿತ್ರ ತಿದ್ದುವವರಿಗೆ ಇಷ್ಟು ಗೊತ್ತಿಲ್ಲದಿರುವುದು ಕ್ಷಮ್ಯವೇ? ನಾನೇನೂ ಕಲಾವಿದನಲ್ಲ, ಲೆಕ್ಕ ಕಲಿಸಿದವನು. ನನಗೆ ಎರಡು ಸಂಜೆ ಸಾಕಾಯಿತು.

ಪರದೆಗಳಲ್ಲಿ ಭೇದವಿಲ್ಲವೆಂದು ನಾನು ವಾದಿಸುತ್ತಿಲ್ಲ. ಕೆಲವು ಫೋನುಗಳು ಬಣ್ಣವನ್ನು ಬೇಕೆಂದೇ ಝಗಮಗಿಸಿ ತೋರಿಸುತ್ತವೆ. ರಾತ್ರಿಯ ವೇಳೆ ಕಣ್ಣಿನ ಹಿತಕ್ಕೆಂದು ಹಳದಿಗೆ ತಿರುಗುವ ಏರ್ಪಾಡೂ ಉಂಟು. ಹಳೆಯ ತಂತ್ರಾಂಶಗಳು ಚೀಟಿಯಿದ್ದರೂ ಓದುತ್ತಿರಲಿಲ್ಲ; ಫೈರ್‌ಫಾಕ್ಸಿನಲ್ಲಿ ಕೂಡ 2008ರಲ್ಲಿ ಈ ಸಾಮರ್ಥ್ಯ ಬಂದರೂ, ತಾನಾಗಿ ಕೆಲಸ ಮಾಡತೊಡಗಿದ್ದು 2009ರಲ್ಲಿ. ಅಂದು ಅಂಗಡಿಯವರ ನೆಪಕ್ಕೆ ಒಂದಿಷ್ಟು ಆಧಾರವಿತ್ತು, ಇಂದಿಲ್ಲ. ‘ಇಷ್ಟು ಸೂಕ್ಷ್ಮ ಯಾರು ನೋಡುತ್ತಾರೆ’ ಎನ್ನುವವರು ನನ್ನ ತಂಗಿಯರನ್ನು ಕಂಡಿಲ್ಲ.

ಜಗಳ ಬಗೆಹರಿದದ್ದು ಕೌದಿಯಿಂದ. ಆ ಸೀರೆ ಹರಿದ ಮೇಲೆ ಅವ್ವ ಅದನ್ನು ಕೌದಿಗೆ ಹಾಕಿ ಹೊಲಿದಿದ್ದಳು. ಮೇಲ್ಮೈ ಬಿಸಿಲಿಗೆ ಬೆಳ್ಳಗಾಗಿದೆ. ಮೂಲೆಯ ಹೊಲಿಗೆ ಬಿಚ್ಚಿ ಮಡಿಕೆಯೊಳಗೆ ನೋಡಿದಾಗ ಸೆರಗಿನ ತುಂಡೊಂದು ಬೆಳಕು ಕಾಣದೆ ಹಾಗೆಯೇ ಉಳಿದಿತ್ತು. ಹಗಲಿನಲ್ಲಿ ಕಿಟಕಿಯ ಬಳಿ ಅದನ್ನು ಪರದೆಯ ಪಕ್ಕಕ್ಕೆ ಹಿಡಿದೆವು. ಸೋದರಳಿಯ ಸರಿಯಾಗಿ ಪರಿವರ್ತಿಸಿ, ಚೀಟಿ ಸಹಿತ ಉಳಿಸಿದ ಪ್ರತಿಗೆ ಅದು ಹೊಂದಿತು. ತಂಗಿಯರಿಬ್ಬರೂ ಸುಮ್ಮನಾದರು, ದೊಡ್ಡವಳು ಕಣ್ಣೊರೆಸಿಕೊಂಡಳು.

ಆ ಪ್ರತಿಯನ್ನು ಈ ವಾರ ನಿಮಗೆಲ್ಲ ಕಳುಹಿಸುತ್ತೇನೆ. ಮೊದಲಿನದನ್ನು ದಯವಿಟ್ಟು ಅಳಿಸಿಬಿಡಿ. ಅದರಿಂದ ಚೌಕಟ್ಟು ಹಾಕಿಸಿದವರು ತಿಳಿಸಿದರೆ ನಾನೇ ಹೊಸತನ್ನು ಅಚ್ಚು ಹಾಕಿಸಿಕೊಡುವೆ. ಕೌದಿ ಸರಸಂಬಾದಲ್ಲಿ ಚಿಕ್ಕ ತಂಗಿಯ ಬಳಿ ಇದೆ, ಮೂಲೆಯನ್ನು ಇನ್ನೂ ಹೊಲಿದಿಲ್ಲ.